ಯೊರುಬಾ ಮದುವೆಗೆ ಎರಡೂ ಕಡೆಯವರ ಬಟ್ಟೆ ಬಂದಿದೆ: ಯಾವುದನ್ನು ಉಡಬೇಕು, ಹೇಗೆ ಹೊಲಿಸಬೇಕು?

ಮಲ್ಲಿಗೆದಂಡೆ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತಿ ಎರಡು ವರ್ಷಗಳಿಂದ ನೈಜೀರಿಯದ ಲೇಗೋಸಿನ ಇಕೆಜಾದಲ್ಲಿ ನೆಲೆಸಿದ್ದೇವೆ. ಬರುವ ಡಿಸೆಂಬರಿನಲ್ಲಿ ಇಬಾದಾನಿನಲ್ಲಿ ನಡೆಯಲಿರುವ, ಇಲ್ಲಿಯ ಯೊರುಬಾ ಜನರ ಒಂದು ಮದುವೆಗೆ ನಮಗೆ ಕರೆ ಬಂದಿದೆ. ವಧು ನನ್ನ ಜೊತೆ ಕೆಲಸ ಮಾಡುವವಳು, ವರ ನನ್ನ ಪತಿಯ ಕಚೇರಿಯವರು. ಅವರಿಬ್ಬರೂ ಮೊದಲ ಬಾರಿಗೆ ಭೇಟಿಯಾದದ್ದು ನಮ್ಮ ಮನೆಯ ಊಟಕ್ಕೆ ಬಂದಿದ್ದಾಗ. ಆ ಕಾರಣಕ್ಕೆ ಎರಡೂ ಕುಟುಂಬಗಳು ನಮ್ಮನ್ನು ತಮ್ಮವರೆಂದೇ ಎಣಿಸುತ್ತಿವೆ. ಇದು ಸಂತೋಷದ ಸಂಗತಿಯೇ ಆದರೂ ಈಗಿನ ಪೇಚು ಹುಟ್ಟಿರುವುದೂ ಅದರಿಂದಲೇ.

ವಧುವಿನ ಮನೆಯವರು ತಮ್ಮ ಕಡೆಯವರೆಲ್ಲ ಉಡುವ ಅಶೊ ಎಬಿ ಎಂದು ಐದು ಗಜ ಕಡುನೇರಳೆ ಲೇಸ್ ಬಟ್ಟೆಯನ್ನೂ ತಲೆಗೆ ಕಟ್ಟುವ ಹೊಂಬಣ್ಣದ ಗೆಲೆಯನ್ನೂ ನನಗಾಗಿ ತೆಗೆದಿರಿಸಿದ್ದಾರೆ. ನನ್ನ ಪತಿಗೂ ಅದೇ ನೇರಳೆ ಬಟ್ಟೆ ಇದೆ. ಎರಡು ದಿನ ಕಳೆಯುವಷ್ಟರಲ್ಲಿ ವರನ ಕಡೆಯಿಂದ ಪಚ್ಚೆ ಹಸಿರು ಬಟ್ಟೆಯ ಮತ್ತು ಅದಕ್ಕೆ ಹೊಂದುವ ಟೋಪಿಯ ಚಿತ್ರಗಳು ಬಂದವು. ಬೇಡವೆನ್ನುವುದು ಹೇಗೆಂದು ತಿಳಿಯದೆ ಎರಡಕ್ಕೂ ಹಣ ಕಳುಹಿಸಿಬಿಟ್ಟಿದ್ದೇವೆ. ಗಂಡ ಹೆಂಡತಿ ಒಂದೇ ಬಣ್ಣ ಉಡಬೇಕೇ? ಒಂದು ಕಡೆಯ ಬಣ್ಣ ಉಟ್ಟರೆ ಇನ್ನೊಂದು ಕಡೆಯವರು ನೊಂದುಕೊಳ್ಳುವುದಿಲ್ಲವೇ?

ಹೊಲಿಗೆಯ ವಿಷಯದಲ್ಲಿಯೂ ನಾನು ಗೊಂದಲದಲ್ಲಿದ್ದೇನೆ. ನನ್ನ ಕಚೇರಿಯ ಯುವತಿಯರು ಮೈಗಂಟುವ ಉದ್ದನೆಯ ಗೌನನ್ನು ಹೊಲಿಸಲು ಹೇಳುತ್ತಾರೆ. ವಧುವಿನ ತಾಯಿ ಮಾತ್ರ ನನ್ನನ್ನು ಸೊಂಟಕ್ಕೆ ಸುತ್ತುವ ಇರೊ ಮತ್ತು ಮೇಲೆ ತೊಡುವ ಬುಬಾದಲ್ಲಿ ನೋಡಲು ಇಷ್ಟವೆಂದು ಎರಡು ಬಾರಿ ಹೇಳಿದ್ದಾರೆ. ನನ್ನ ಪತಿಗಂತೂ ಗಂಡಸರ ನಿಲುವಂಗಿ ಅಗ್ಬಾಡ ಎಂದರೆ ಸಂಕೋಚ. ತಾವು ತೊಟ್ಟರೆ ವೇಷ ಕಟ್ಟಿದಂತೆ ಕಂಡೀತು, ಸೂಟು ಹಾಕಿಕೊಂಡು ಹೋದರೆ ಸಾಲದೇ ಎನ್ನುತ್ತಾರೆ. ವರನು ಅವರನ್ನು ತನ್ನ ಗೆಳೆಯರ ಗುಂಪಿನಲ್ಲಿ ನಿಲ್ಲಲು ಕೇಳಿಕೊಂಡಿದ್ದಾನೆ ಎಂಬುದನ್ನೂ ತಿಳಿಸಬೇಕು. ಇಂಥ ಮದುವೆಗಳನ್ನು ಕಂಡವರು, ಉಂಡವರು ದಯವಿಟ್ಟು ತಿಳಿಸಿ.


ಹಳೇಲೇಗೋಸಿಗ ಉತ್ತರಿಸಿದ್ದಾರೆ:

ಹದಿನೆಂಟು ವರ್ಷಗಳಿಂದ ಇಲ್ಲಿದ್ದೇನೆ. ಹೋದ ಮದುವೆಗಳ ಲೆಕ್ಕ ತಪ್ಪಿದೆ. ಬೀರುವಿನಲ್ಲಿ ಉಳಿದಿರುವ ಟೋಪಿಗಳನ್ನು ಎಣಿಸಿದರೆ ಮಾತ್ರ ಅಂದಾಜು ಸಿಕ್ಕೀತು.

ಮೊದಲಿಗೆ ನಿಮ್ಮ ಯಜಮಾನರ ಸಂಕೋಚದ ಮಾತು. ಯೊರುಬಾ ಭಾಷೆಯಲ್ಲಿ ಅಶೊ ಎಂದರೆ ಬಟ್ಟೆ, ಎಬಿ ಎಂದರೆ ಕುಟುಂಬ. ಕುಟುಂಬದವರು ಒಂದು ಬಟ್ಟೆಯನ್ನು ಆರಿಸಿ, ತಮ್ಮ ಬಂಧುಗಳಿಗೂ ಗೆಳೆಯರಿಗೂ ಅದನ್ನೇ ಮಾರಿ, ಆ ದಿನ ಎಲ್ಲರೂ ಒಂದೇ ಬಣ್ಣದಲ್ಲಿ ಬಂದು ಕೂರುವುದೇ ಇದರ ಉದ್ದೇಶ. ಅಂಗಡಿಯ ದರಕ್ಕಿಂತ ತುಸು ಹೆಚ್ಚಿಗೆ ಹಣ ಕೇಳಿದ್ದಾರೆಂದು ನಿಮಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮದುವೆಯ ಖರ್ಚಿಗೆ ಹೆಗಲು ಕೊಡುವ ಒಂದು ದಾರಿ ಅದು. ಹಾಗೆ ಹಣ ಕೊಟ್ಟು ತೆಗೆದುಕೊಂಡ ಬಟ್ಟೆಯನ್ನು ಬಿಟ್ಟು ಸೂಟು ಹಾಕಿಕೊಂಡು ಬಂದವನನ್ನು ಕಂಡರೆ ಅವರಿಗೆ ಅದು ವಿನಯವೆಂದು ತೋರುವುದಿಲ್ಲ, ದೂರ ನಿಂತಂತೆ ತೋರುತ್ತದೆ. ಪರದೇಶದವನು ಅಗ್ಬಾಡ ತೊಟ್ಟರೆ ನಗುವವರನ್ನು ನಾನು ಇದುವರೆಗೆ ಕಂಡಿಲ್ಲ. ತೊಡಲು ಬಾರದೆ ತೋಳುಗಳನ್ನು ಸಾರಿನ ಬಟ್ಟಲಿಗೆ ಅದ್ದಿಕೊಂಡವನನ್ನು ಕಂಡು ನಕ್ಕವರಿದ್ದಾರೆ, ಅದ್ದಿಕೊಂಡವನು ನಾನೇ.

ಗಂಡಸರ ಪೂರ್ಣ ಉಡುಪಿನಲ್ಲಿ ನಾಲ್ಕು ಭಾಗಗಳಿವೆ. ಒಳಗೆ ಬುಬಾ ಎಂಬ ಸಡಿಲವಾದ ಅಂಗಿ, ಕೆಳಗೆ ಶೊಕೊಟೊ ಎಂಬ ಷರಾಯಿ, ಮೇಲೆ ಅಗ್ಬಾಡ ಎಂಬ ಅಗಲವಾದ ನಿಲುವಂಗಿ, ತಲೆಗೆ ಫಿಲಾ ಎಂಬ ಟೋಪಿ. ಅಗ್ಬಾಡದ ತೋಳು ಎಂದು ಪ್ರತ್ಯೇಕವಾಗಿ ಹೇಳುವಂಥದ್ದು ಏನೂ ಇಲ್ಲ. ಬಟ್ಟೆಯ ಅಗಲವೇ ಕೈಬೆರಳುಗಳವರೆಗೆ ಇಳಿಯುತ್ತದೆ, ಅದನ್ನು ಮಡಿಸಿ ಮಡಿಸಿ ಎರಡೂ ಹೆಗಲ ಮೇಲೆ ಏರಿಸಿಕೊಳ್ಳುತ್ತಾರೆ. ಐದು ನಿಮಿಷಕ್ಕೊಮ್ಮೆ ಅದು ಜಾರುತ್ತದೆ, ಮತ್ತೆ ಏರಿಸಬೇಕು. ಹಾಗೆ ಏರಿಸಿಕೊಳ್ಳುವ ಠೀವಿಯಲ್ಲೇ ಆ ಉಡುಪಿನ ಅರ್ಧ ಸೊಗಸಿದೆ ಎಂಬುದನ್ನು ತಿಳಿಯಲು ನನಗೆ ಮೂರು ಮದುವೆಗಳು ಬೇಕಾದವು. ಮದುವೆಗೆ ಒಂದು ವಾರ ಮೊದಲು ಮನೆಯಲ್ಲೇ ಅದನ್ನು ತೊಟ್ಟು ಒಂದು ಸಂಜೆ ಓಡಾಡಲು, ಸಾಧ್ಯವಾದರೆ ಊಟ ಮಾಡಲು ಯಜಮಾನರಿಗೆ ಹೇಳಿ.

ಎತ್ತರದ ಆಳಿಗೆ ಈ ನಾಲ್ಕೂ ಭಾಗಗಳನ್ನು ಹೊಲಿಸಲು ಐದು ಗಜ ಬಟ್ಟೆ ಸಾಲುವುದಿಲ್ಲ. ಪನ್ನವನ್ನು ಅನುಸರಿಸಿ ಹತ್ತು ಗಜದ ಹತ್ತಿರ ಬೇಕಾಗುತ್ತದೆ. ಎಷ್ಟು ಕೊಡುತ್ತಿದ್ದಾರೆಂದು ಈಗಲೇ ಕೇಳಿ. ಆ ಬಣ್ಣದ ಬಟ್ಟೆ ಮುಗಿದುಹೋದ ಮೇಲೆ ಅದೇ ಛಾಯೆಯನ್ನು ಬಲೊಗುನ್ ಮಾರುಕಟ್ಟೆಯಲ್ಲಿ ಹುಡುಕುವುದು ನೀರಿನಲ್ಲಿ ಹೆಜ್ಜೆ ಹುಡುಕಿದಂತೆ.

ದರ್ಜಿಗೆ ಮದುವೆಯ ನಿಜವಾದ ದಿನಾಂಕವನ್ನು ಹೇಳಬೇಡಿ. ಎರಡು ವಾರ ಮುಂಚಿನ ದಿನವನ್ನು ಹೇಳಿ. ಡಿಸೆಂಬರ್ ಎಂದರೆ ಇಲ್ಲಿ ಮದುವೆಗಳ ಸುಗ್ಗಿ. ಕೆಲವು ವರ್ಷಗಳ ಹಿಂದೆ ನಮ್ಮ ದರ್ಜಿ ‘ನಾಳೆ ಖಂಡಿತ’ ಎನ್ನುತ್ತ ಮದುವೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ನನ್ನ ಅಗ್ಬಾಡವನ್ನು ಕುತ್ತಿಗೆಯ ಕಸೂತಿಯಿಲ್ಲದೆ ಕೊಟ್ಟಿದ್ದರು. ಬಡಪಾಯಿಯ ಅಂಗಡಿಯಲ್ಲಿ ಆ ರಾತ್ರಿ ನನ್ನಂಥವರು ಇನ್ನೂ ಆರು ಮಂದಿ ಕಾದು ಕುಳಿತಿದ್ದರು.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ. ದಂಪತಿಗಳು ಒಂದೇ ಬಣ್ಣದಲ್ಲಿ ಇರುವುದೇ ಚೆನ್ನ. ಮದುವೆ ನಡೆಯುವುದು ವಧುವಿನ ಮನೆಯವರ ಯಜಮಾನಿಕೆಯಲ್ಲಿ. ಆದ್ದರಿಂದ ನೇರಳೆ ಉಡಿ, ಹಸಿರನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.


ಇಬಾದಾನಿನ ಸೊಸೆ ಉತ್ತರಿಸಿದ್ದಾರೆ:

ಹಳೇಲೇಗೋಸಿಗರ ಕೊನೆಯ ಮಾತೊಂದನ್ನು ಬಿಟ್ಟು ಉಳಿದುದನ್ನೆಲ್ಲ ನಾನು ಒಪ್ಪುತ್ತೇನೆ. ನಾನು ಹನ್ನೊಂದು ವರ್ಷಗಳ ಹಿಂದೆ ಇಬಾದಾನಿನ ಒಂದು ಯೊರುಬಾ ಕುಟುಂಬಕ್ಕೆ ಸೊಸೆಯಾಗಿ ಬಂದವಳು. ಆಮೇಲೆ ಇಬ್ಬರು ನಾದಿನಿಯರ ಮದುವೆಯನ್ನು ಒಳಗಿನಿಂದ ನಿಂತು ನಡೆಸಿದ್ದೇನೆ.

ಮಲ್ಲಿಗೆದಂಡೆ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಬಣ್ಣದಲ್ಲಿಲ್ಲ, ಆ ದಿನ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದರಲ್ಲಿದೆ. ನಿಮ್ಮ ಪತಿಯನ್ನು ವರನ ಗೆಳೆಯರ ಗುಂಪಿಗೆ ಕರೆದಿದ್ದಾರೆ ಎಂದಿರಿ. ಸಾಂಪ್ರದಾಯಿಕ ನಿಶ್ಚಯದ ಶಾಸ್ತ್ರದಲ್ಲಿ ವರನು ತನ್ನ ಗೆಳೆಯರೊಡನೆ ಸಾಲಾಗಿ ಬಂದು ವಧುವಿನ ತಂದೆತಾಯಿಯರ ಮುಂದೆ ದೊಬಾಲೆ ಮಾಡುತ್ತಾನೆ. ಎಂದರೆ ನೆಲಕ್ಕೆ ಎದೆ ತಾಗುವಂತೆ ಉದ್ದಕ್ಕೂ ಮಲಗಿ ನಮಸ್ಕರಿಸುತ್ತಾನೆ. ಒಮ್ಮೆಯಲ್ಲ, ಹಲವು ಬಾರಿ. ಆ ಸಾಲಿನಲ್ಲಿ ಎಲ್ಲರೂ ವರನ ಕಡೆಯ ಬಟ್ಟೆಯಲ್ಲಿರುವಾಗ ಒಬ್ಬರು ಮಾತ್ರ ವಧುವಿನ ಕಡೆಯ ನೇರಳೆಯಲ್ಲಿ ಮಲಗಿದರೆ ನೋಡುವವರಿಗೆ ಲೆಕ್ಕವೇ ತಪ್ಪುತ್ತದೆ. ಹೀಗಾಗಿ ಬೆಳಗಿನ ಶಾಸ್ತ್ರಕ್ಕೆ ಅವರು ಹಸಿರು, ನೀವು ನೇರಳೆ. ಗಂಡ ಹೆಂಡತಿ ಬೇರೆ ಬೇರೆ ಬಣ್ಣದಲ್ಲಿ ಎದುರುಬದುರು ಕೂರುವುದರಲ್ಲಿ ತಪ್ಪೇನೂ ಇಲ್ಲ. ಎರಡು ಮನೆಗಳ ನಡುವೆ ನಂಟಸ್ತಿಕೆ ಇರುವ ಊರಿನಲ್ಲಿ ಇದು ಅಪರೂಪವೂ ಅಲ್ಲ. ಸಂಜೆಯ ಔತಣಕ್ಕೆ ಇಬ್ಬರೂ ಒಂದೇ ಬಣ್ಣಕ್ಕೆ ಬದಲಾಯಿಸಿಕೊಳ್ಳಿ.

ಒಂದು ಮುನ್ನೆಚ್ಚರಿಕೆ ಹೇಳಿಬಿಡುತ್ತೇನೆ. ಶಾಸ್ತ್ರವನ್ನು ನಡೆಸುವವರು ಇಬ್ಬರು ಮಹಿಳೆಯರು: ವಧುವಿನ ಕಡೆಯಿಂದ ಅಲಾಗಾ ಇಜೊಕೊ, ಎಂದರೆ ಕುಳಿತಿರುವ ಪಕ್ಷದ ವಕ್ತಾರೆ, ವರನ ಕಡೆಯಿಂದ ಅಲಾಗಾ ಇದುರೊ, ಎಂದರೆ ಹೆಣ್ಣು ಕೇಳಲು ಬಂದು ನಿಂತಿರುವ ಪಕ್ಷದವಳು. ಹಾಡು, ಹಾಸ್ಯ, ಚೇಷ್ಟೆ, ಸಣ್ಣಪುಟ್ಟ ದಂಡ, ಎಲ್ಲವೂ ಇವರ ಕೈಯಲ್ಲಿ. ಇಬ್ಬಣ್ಣದ ದಂಪತಿಗಳು ಇವರ ಕಣ್ಣಿಗೆ ಬಿದ್ದರೆ ‘ನಿನ್ನ ಗಂಡನನ್ನು ನಮ್ಮ ಕಡೆಗೆ ಯಾವಾಗ ಕಳುಹಿಸುತ್ತೀಯೆ’ ಎಂದು ಎಲ್ಲರೆದುರು ಕೇಳದೆ ಬಿಡುವುದಿಲ್ಲ. ಅದನ್ನು ನಗುತ್ತ ಸ್ವೀಕರಿಸಿ, ಕೈಯಲ್ಲಿ ಸ್ವಲ್ಪ ನಾಯ್ರಾ ಇಟ್ಟುಕೊಂಡಿರಿ. ನೋಟುಗಳನ್ನು ಗಾಳಿಗೆ ತೂರುವುದು ಮಾತ್ರ ಬೇಡ; 2007ರ ಕೇಂದ್ರ ಬ್ಯಾಂಕ್ ಕಾಯಿದೆಯ ಪ್ರಕಾರ ಅದು ಅಪರಾಧ, ಸಂಭ್ರಮದ ಭರದಲ್ಲಿ ಹಾಗೆ ಮಾಡಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿದ್ದಾರೆ.

ದೊಬಾಲೆಯ ಕಾರಣದಿಂದ ನಿಮ್ಮ ಪತಿಯ ಉಡುಪಿನ ಬಗೆಗೆ ಇನ್ನೊಂದು ಮಾತು. ಹಲವು ಮದುವೆಗಳಲ್ಲಿ ಗೆಳೆಯರ ಗುಂಪು ಬರಿಯ ಬುಬಾ, ಶೊಕೊಟೊ ಮತ್ತು ಫಿಲಾದಲ್ಲಿ ಇರುತ್ತದೆ; ಅಗ್ಬಾಡದ ಗಾಂಭೀರ್ಯವನ್ನು ವರನಿಗೆ ಬಿಡುತ್ತಾರೆ. ಎಲ್ಲರಿಗೂ ಅಗ್ಬಾಡ ಎಂಬ ಮನೆಗಳೂ ಇವೆ. ವರನನ್ನೇ ಕೇಳುವುದು ಲೇಸು. ಅಗ್ಬಾಡ ಬೇಕಿಲ್ಲವೆಂದಾದರೆ ನಿಮ್ಮವರ ಅರ್ಧ ಸಂಕೋಚ ಅಲ್ಲಿಗೇ ಕಳೆಯಿತು, ಬಟ್ಟೆಯೂ ಉಳಿಯಿತು. ಷರಾಯಿಯ ಸೊಂಟ ಮಾತ್ರ ಸಡಿಲವಾಗಿರಲಿ. ಮಲಗಿ ಏಳುವಾಗ ಹೊಲಿಗೆ ಬಿಟ್ಟ ಸದ್ದು ತಮಟೆಯ ಸದ್ದನ್ನೂ ಮೀರಿ ಕೇಳಿಸಿದ ಒಂದು ಮದುವೆಯನ್ನು ನಾನು ಬಲ್ಲೆ.

ಇನ್ನು ನಿಮ್ಮ ಉಡುಪು. ನಿಮ್ಮ ಸ್ನೇಹಿತೆಯ ತಾಯಿ ಎರಡು ಬಾರಿ ಇರೊ ಮತ್ತು ಬುಬಾ ಎಂದಿದ್ದಾರೆ ಎಂದರೆ ಅದು ಸಲಹೆಯಲ್ಲ. ಹಿರಿಯರು ಬಾಯಿಬಿಟ್ಟು ಒತ್ತಾಯಿಸುವುದಿಲ್ಲ, ಎರಡನೆಯ ಬಾರಿ ಹೇಳುತ್ತಾರೆ ಅಷ್ಟೇ. ಇರೊ ಎಂದರೆ ಸೊಂಟಕ್ಕೆ ಸುತ್ತಿ, ಒಂದರ ಮೇಲೊಂದು ಮಡಿಸಿ, ಅಂಚನ್ನು ಸಿಕ್ಕಿಸಿಕೊಳ್ಳುವ ಬಟ್ಟೆ. ಬುಬಾ ಅದರ ಮೇಲೆ ತೊಡುವ ಸಡಿಲ ತೋಳಿನ ರವಿಕೆ. ಸೀರೆ ಉಟ್ಟು ಬೆಳೆದ ನಮಗೆ ಇರೊ ಕೈಗೆ ಒಗ್ಗಲು ಒಂದು ಗಂಟೆ ಸಾಕು. ಆದರೆ ಸೆರಗಿನ ಆಸರೆ ಇಲ್ಲದ್ದರಿಂದ ಅದು ಜಾರುವ ಭಯ ಮೊದಲ ದಿನ ಇದ್ದೇ ಇರುತ್ತದೆ. ಒಳಗೆ ಒಂದು ನಾಡಾ ಅಥವಾ ತೆಳ್ಳನೆಯ ಪಟ್ಟಿಯನ್ನು ಬಿಗಿದುಕೊಳ್ಳಿ. ಮೈಗಂಟುವ ಗೌನನ್ನು ಹೊಲಿಸುವವರು ಇಂದು ಬಹಳ ಮಂದಿ, ಅದರಲ್ಲಿ ಅಗೌರವವೇನೂ ಇಲ್ಲ. ಆದರೆ ಅಲ್ಲಿ ಹಿರಿಯರ ಮುಂದೆ ಹೆಂಗಸರು ಮಂಡಿಯೂರಿ ನಮಸ್ಕರಿಸುವ ಪದ್ಧತಿ. ಬಿಗಿಯಾದ ಗೌನಿನಲ್ಲಿ ಮಂಡಿಯೂರಿದವರನ್ನು ಇಬ್ಬರು ಹಿಡಿದೆಬ್ಬಿಸುವ ದೃಶ್ಯವನ್ನು ನೋಡಿದ ಮೇಲೆ ನಾನು ನನ್ನ ಆಯ್ಕೆಯನ್ನು ಮಾಡಿಕೊಂಡೆ.

ಎಳೆಯ ಕಣ್ಣಿಗೆ ಇರೊ ಹಳೆಯದಾಗಿ ಕಂಡರೆ ಒಲೆಕು ಎಂಬ ಬಗೆಯನ್ನು ನೋಡಿ. ಮೊಣಕಾಲಿನವರೆಗೆ ಮಾತ್ರ ಇಳಿಯುವ ಇರೊ, ಅಗಲ ತೋಳಿನ ಬುಬಾ. 1960 ಮತ್ತು 70ರ ದಶಕಗಳ ತರುಣಿಯರ ಉಡುಪು ಈಗ ಮತ್ತೆ ಬಂದಿದೆ. ಆದರೆ ಈ ಮದುವೆಗೆ, ಆ ತಾಯಿಯ ಎದುರಿಗೆ, ನಾನಾಗಿದ್ದರೆ ಪಾದದವರೆಗಿನ ಇರೊವನ್ನೇ ಉಡುತ್ತಿದ್ದೆ.

ಗೆಲೆಯ ಜೊತೆಗೆ ಇಪೆಲೆ ಎಂಬ ಇನ್ನೊಂದು ಕಿರಿದಾದ ಬಟ್ಟೆ ಬಂದಿದೆಯೇ ನೋಡಿಕೊಳ್ಳಿ. ಗೆಲೆಯದೇ ನೇಯ್ಗೆ, ಅದೇ ಬಣ್ಣ. ಮಡಿಸಿ ಹೆಗಲ ಮೇಲೆ ಹಾಕಿಕೊಳ್ಳಬಹುದು, ಇರೊವಿನ ಮೇಲೆ ಸೊಂಟಕ್ಕೂ ಬಿಗಿಯಬಹುದು. ಕಿರಿಯರು ಅದನ್ನು ಬಿಟ್ಟೇಬಿಡುತ್ತಾರೆ, ಹಿರಿಯರು ಅದಿಲ್ಲದೆ ಮನೆಯಿಂದ ಹೊರಡುವುದಿಲ್ಲ. ನೀವು ಹಾಕಿಕೊಂಡರೆ ಗಮನಿಸುವವರು ಗಮನಿಸುತ್ತಾರೆ.

ಗೆಲೆಯನ್ನು ಮೊದಲ ಸಲವೇ ನೀವೇ ಕಟ್ಟಿಕೊಳ್ಳುವ ಸಾಹಸ ಬೇಡ. ಮೃದುವಾದ ಬಟ್ಟೆಯಾದರೆ ಕೈ ಹೇಳಿದಂತೆ ಕೇಳೀತು. ಗರಿಗರಿಯಾದ ಬಟ್ಟೆಯಲ್ಲಿ ಒಂದೊಂದು ನೆರಿಗೆಯನ್ನೂ ಬೆರಳಲ್ಲಿ ಹಿಡಿದು ಬೀಸಣಿಗೆಯಂತೆ ಅರಳಿಸಬೇಕು. ಅದಕ್ಕೆಂದೇ ಗೆಲೆ ಕಟ್ಟುವ ಮಹಿಳೆಯರಿದ್ದಾರೆ, ಮದುವೆಯ ಬೆಳಿಗ್ಗೆ ಅವರ ಮುಂದೆ ಸಾಲು ನಿಂತಿರುತ್ತದೆ. ಈಗಲೇ ಸಮಯ ಗೊತ್ತುಮಾಡಿಕೊಳ್ಳಿ. ಮೊದಲೇ ಕಟ್ಟಿ ಹೊಲಿದು ಟೋಪಿಯಂತೆ ಇಟ್ಟುಕೊಳ್ಳುವ ಗೆಲೆಗಳೂ ಬಂದಿವೆ. ನನ್ನ ಅತ್ತೆಯವರು ಅವನ್ನು ಕಂಡರೆ ಮೂಗು ಮುರಿಯುತ್ತಾರೆ; ನನ್ನ ಬಳಿ ಎರಡಿವೆ. ಲೇಗೋಸಿನಿಂದ ಇಬಾದಾನಿಗೆ ಸುಮಾರು 130 ಕಿಲೋಮೀಟರ್ ದಾರಿ. ಗೆಲೆ ಕಟ್ಟಿಸಿಕೊಂಡೇ ಕಾರು ಹತ್ತಿದರೆ ತಲೆ ಬಗ್ಗಿಸಿಕೊಂಡೇ ಅಷ್ಟೂ ದೂರ ಪ್ರಯಾಣ ಮಾಡಬೇಕಾದೀತು. ಹಿಂದಿನ ದಿನವೇ ಬಂದು ಇಬಾದಾನಿನಲ್ಲಿ ತಂಗಿ.


ಮಗ್ಗದಮನೆ ಉತ್ತರಿಸಿದ್ದಾರೆ:

ನಾನು ಜವಳಿ ವ್ಯಾಪಾರದ ನಿಮಿತ್ತ ಈ ಭಾಗದಲ್ಲಿ ಓಡಾಡುವವನು. ಮೇಲಿನ ಇಬ್ಬರೂ ಕಟ್ಟಳೆಯನ್ನು ಹೇಳಿದ್ದಾರೆ, ನಾನು ಬಟ್ಟೆಯ ವಿಷಯವನ್ನಷ್ಟೇ ಹೇಳುತ್ತೇನೆ.

ನಿಮ್ಮ ಹೊಂಬಣ್ಣದ ಗೆಲೆ ಬಹುಶಃ ಅಶೊ ಒಕೆ. ಯೊರುಬಾ ಜನರ ಮರ್ಯಾದೆಯ ಬಟ್ಟೆ ಅದು. ಕಿರಿದಾದ ಮಗ್ಗದ ಮೇಲೆ ಸುಮಾರು 4 ಅಂಗುಲ ಅಗಲದ ಉದ್ದನೆಯ ಪಟ್ಟಿಯಾಗಿ ನೇಯ್ದು, ಬೇಕಾದಷ್ಟು ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದು ಅಗಲ ಮಾಡುತ್ತಾರೆ. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ: ಪಟ್ಟಿಗಳ ಜೋಡಣೆ ನೇರವಾಗಿದೆಯೇ, ಒಂದು ಪಟ್ಟಿಯ ಗೆರೆ ಪಕ್ಕದ ಪಟ್ಟಿಯ ಗೆರೆಗೆ ಕೂಡುತ್ತದೆಯೇ ಎಂಬುದು ಕೈಕೆಲಸದ ಮಟ್ಟವನ್ನು ಹೇಳುತ್ತದೆ. ಜೋಡಣೆಯೇ ಇಲ್ಲದೆ ಇಡೀ ಪನ್ನ ಒಂದೇ ತುಂಡಾಗಿದ್ದರೆ ಅದು ಯಂತ್ರದ ಅನುಕರಣೆ ಎಂದು ಶಂಕಿಸಬಹುದು.

ಹಳೆಯ ಮೂರು ಹೆಸರುಗಳನ್ನು ತಿಳಿದುಕೊಂಡರೆ ಅಂಗಡಿಯವರೊಡನೆ ಮಾತಿಗೆ ಅನುಕೂಲ. ಸನ್ಯಾನ್ ಎಂಬುದು ತಿಳಿಕಂದು ಬಣ್ಣದ್ದು. ಮೂಲದಲ್ಲಿ ಕಾಡು ರೇಷ್ಮೆಹುಳುವಿನ ಗೂಡಿನಿಂದ ತೆಗೆದ ನೂಲಿನದು, ಅದನ್ನು ಬಟ್ಟೆಗಳ ತಂದೆ ಎನ್ನುವುದುಂಟು. ಅಲಾರಿ ಕಡುಗೆಂಪು, ಅದರ ರೇಷ್ಮೆ ಒಂದು ಕಾಲದಲ್ಲಿ ಸಹಾರಾ ಮರುಭೂಮಿಯನ್ನು ದಾಟಿ ಬರುತ್ತಿತ್ತು. ಎಟು ಎಂದರೆ ಕಪ್ಪೆನ್ನಿಸುವಷ್ಟು ಗಾಢವಾದ ನೀಲಿಯ ಮೇಲೆ ಕೂದಲೆಳೆಯಂಥ ತಿಳಿಗೆರೆಗಳು. ಗಿನಿಕೋಳಿಯ ಗರಿಯನ್ನು ನೆನಪಿಸುವ ಕಾರಣಕ್ಕೆ ಆ ಹಕ್ಕಿಯ ಹೆಸರನ್ನೇ ಪಡೆದಿದೆ. ಇಂದು ಈ ಹೆಸರುಗಳಲ್ಲಿ ಸಿಗುವುದರಲ್ಲಿ ಬಹುಪಾಲು ಹತ್ತಿ ಅಥವಾ ಕೃತಕ ನೂಲಿನದು. ಬಣ್ಣ ಮಾತ್ರ ಹಳೆಯದು. ಅದರಲ್ಲಿ ಮೋಸವೇನೂ ಇಲ್ಲ, ರೇಷ್ಮೆಯ ಬೆಲೆ ಕೊಡದಿದ್ದರೆ ಆಯಿತು. ಜರಿಯಂತೆ ಮಿನುಗುವ ಎಳೆ ಸೇರಿಸಿ ನೇಯ್ದದ್ದು ಇತ್ತೀಚಿನ ರುಚಿ. ಹಗುರ, ಅಗ್ಗ, ಚಿತ್ರಗಳಲ್ಲಿ ಚೆನ್ನಾಗಿ ಬರುತ್ತದೆ. ಹಳೆಯ ದಪ್ಪ ನೇಯ್ಗೆಯ ಅಗ್ಬಾಡವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಹೊತ್ತವರಿಗೆ ಈ ಹೊಸತನದ ಬೆಲೆ ಗೊತ್ತಿರುತ್ತದೆ.

ಇಬಾದಾನಿಗೆ ಹೇಗೂ ಹೋಗುತ್ತೀರಿ. ಅಲ್ಲಿನ ಒಜೆ ಮಾರುಕಟ್ಟೆ ಅಶೊ ಒಕೆಗೆ ಹೆಸರಾದದ್ದು. ಲೇಸ್, ಅಂಕಾರಾ ಮುಂತಾದ ಉಳಿದ ಬಟ್ಟೆಗಳಿಗೆ ಗ್ಬಾಗಿ ಮಾರುಕಟ್ಟೆ. ನೇಯ್ಗೆಯನ್ನೇ ಕಣ್ಣಾರೆ ಕಾಣಬೇಕೆಂದರೆ ಇಬಾದಾನಿನ ವಾಯವ್ಯಕ್ಕಿರುವ ಇಸೆಯಿನ್ ಪಟ್ಟಣಕ್ಕೆ ಹೋಗಿ. ಮನೆಗಳ ಮುಂದಿನ ಚಪ್ಪರದಡಿ ನೇಕಾರರು ಸಾಲಾಗಿ ಕುಳಿತಿರುತ್ತಾರೆ. ಹಾಸಿನ ಎಳೆಗಳು ಅವರ ಮುಂದೆ ಅಂಗಳದುದ್ದಕ್ಕೂ ಚಾಚಿಕೊಂಡು, ತುದಿಯಲ್ಲಿ ಭಾರವಿಟ್ಟ ಎಳೆಬಂಡಿಗೆ ಕಟ್ಟಿರುತ್ತವೆ. ನೇಯ್ದಂತೆಲ್ಲ ಆ ಬಂಡಿ ತೆವಳುತ್ತ ಮಗ್ಗದ ಕಡೆಗೆ ಬರುತ್ತದೆ. ಹೊಸದಾಗಿ ನೇಯಿಸುವುದಾದರೆ ತಿಂಗಳುಗಳ ಮುಂಚೆ ಹೇಳಬೇಕು.

ನಿಮ್ಮ ಲೇಸ್ ಬಗ್ಗೆ ಒಂದು ಸ್ವಾರಸ್ಯ. ಯೊರುಬಾ ಮದುವೆಯಲ್ಲಿ ಅತ್ಯಂತ ಸಾಂಪ್ರದಾಯಿಕವೆಂದು ಎಲ್ಲರೂ ಉಡುವ ಲೇಸ್ ಬಟ್ಟೆ ಆಫ್ರಿಕದಲ್ಲಿ ಹುಟ್ಟಿದ್ದಲ್ಲ. 1960ರ ದಶಕದಿಂದ ಆಸ್ಟ್ರಿಯದ ಪಶ್ಚಿಮ ತುದಿಯ ಫೋರಾರ್ಲ್‌ಬರ್ಗ್ ಪ್ರಾಂತ್ಯದ ಲುಸ್ಟೆನಾವ್ ಊರಿನ ಕಸೂತಿ ಕಾರ್ಖಾನೆಗಳು ನೈಜೀರಿಯದ ರುಚಿಯನ್ನು ಅರಿತು, ಅದಕ್ಕೆಂದೇ ವಿನ್ಯಾಸಗಳನ್ನು ಮಾಡಿ ಕಳುಹಿಸುತ್ತ ಬಂದವು. ತೈಲದ ಹಣ ಹರಿದ 1970ರ ದಶಕದಲ್ಲಿ ಆ ವ್ಯಾಪಾರ ಉಕ್ಕಿತು. ಹಾಗಾಗಿ ನಿಮ್ಮ ಪತಿಗೆ ಹೇಳಿ: ಬಟ್ಟೆಯೇ ಪರದೇಶದಿಂದ ಬಂದು ಇಲ್ಲಿಯ ಮನೆಮಗಳಾಗಿರುವಾಗ ಅದನ್ನು ತೊಡುವವನು ಪರದೇಶದವನೆಂದು ಹಿಂಜರಿಯುವುದೇಕೆ?

ನೀವು ಭಾರತದವರೆಂದು ತಿಳಿದರೆ ಅಂಗಡಿಯವರು ಜಾರ್ಜ್ ಎಂಬ ಬಟ್ಟೆಯನ್ನು ತೆಗೆದು ತೋರಿಸುವುದು ಖಂಡಿತ. ಮೂಲದಲ್ಲಿ ಮದ್ರಾಸಿನ ಕಡೆಯಿಂದ ಬಂದ ಬಟ್ಟೆ ಅದು, ನೋಡಿದರೆ ತವರಿನ ನೆನಪಾಗುತ್ತದೆ. ಆದರೆ ಅದು ಇಗ್ಬೊ ಜನರ ಮತ್ತು ನೈಜರ್ ನದೀಮುಖಜ ಭೂಮಿಯ ಜನರ ಮದುವೆಯ ಬಟ್ಟೆ. ಸಿಂಹದ ತಲೆಯ ಚಿತ್ರವಿರುವ ಇಸಿಯಾಗು ಎಂಬ ಮೇಲಂಗಿಯೂ ಇಗ್ಬೊಗಳದೇ. ‘ಆಫ್ರಿಕದ ಉಡುಪು’ ಎಂದು ಒಂದೇ ರಾಶಿಯಲ್ಲಿ ಮಾರುವ ಅಂಗಡಿಗಳಲ್ಲಿ ಇವನ್ನೆಲ್ಲ ಬೆರೆಸಿ ಕೊಳ್ಳುವವರನ್ನು ಕಂಡು ನನಗೆ ಸಂಕಟವಾಗುತ್ತದೆ.


ಮಲ್ಲಿಗೆದಂಡೆ ಬರೆದಿದ್ದಾರೆ:

ಮೂವರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ನನ್ನ ಪತಿಗೆ ಓದಿ ಹೇಳಿದೆ. ಆಸ್ಟ್ರಿಯದ ಕಥೆಗೆ ಅವರು ಮೊದಲ ಬಾರಿಗೆ ಮೆತ್ತಗಾದರು. ಆಮೇಲೆ ವರನಿಗೆ ಕರೆ ಮಾಡಿ ಕೇಳಿದಾಗ ಗೆಳೆಯರಿಗೆ ಬರಿಯ ಬುಬಾ, ಶೊಕೊಟೊ ಮತ್ತು ಫಿಲಾ ಸಾಕೆಂಬ ಉತ್ತರ ಬಂದಿತು. ಬದುಕಿದೆ ಎಂದು ಉಸಿರು ಬಿಟ್ಟವರು ಸಂಜೆಯ ಹೊತ್ತಿಗೆ ‘ಹಾಗಾದರೆ ಔತಣಕ್ಕೆ ನೇರಳೆಯಲ್ಲಿ ಒಂದು ಅಗ್ಬಾಡ ಹೊಲಿಸಿದರೆ ಹೇಗೆ’ ಎಂದು ತಾವಾಗಿಯೇ ಕೇಳುತ್ತಿದ್ದಾರೆ.

ಇನ್ನೆರಡು ಸಂದೇಹಗಳು ಉಳಿದಿವೆ. ಕೆಂಪು ಹವಳದ ಸರಗಳನ್ನು ಎಲ್ಲ ಚಿತ್ರಗಳಲ್ಲಿಯೂ ನೋಡುತ್ತಿದ್ದೇನೆ, ನಾನೂ ತೊಡಬೇಕೇ? ಮತ್ತು ಫಿಲಾವನ್ನು ಯಾವ ಕಡೆಗೆ ವಾಲಿಸಬೇಕು? ಬಲಕ್ಕೆ ವಾಲಿಸಿದರೆ ಒಂದು ಅರ್ಥ, ಎಡಕ್ಕೆ ವಾಲಿಸಿದರೆ ಇನ್ನೊಂದು ಅರ್ಥ ಎಂದು ಯಾರೋ ನನ್ನ ಪತಿಯನ್ನು ಹೆದರಿಸಿದ್ದಾರೆ.


ಇಬಾದಾನಿನ ಸೊಸೆ ಉತ್ತರಿಸಿದ್ದಾರೆ:

ಹವಳವನ್ನು ಇಲ್ಲಿ ಇಯುನ್ ಎನ್ನುತ್ತಾರೆ. ಕುತ್ತಿಗೆಗೂ ಮಣಿಕಟ್ಟಿಗೂ ಎಳೆಗಟ್ಟಲೆ ತೊಡುವುದು ವಧೂವರರ ಹಕ್ಕು. ಅತಿಥಿಯಾದ ನಿಮಗೆ ಒಂದೆಳೆ ಸಾಕು, ಇಲ್ಲದಿದ್ದರೂ ಕೊರತೆಯಿಲ್ಲ. ಲೇಸ್ ಬಟ್ಟೆಗೆ ಚಿನ್ನದ ಸರವೇ ಚೆನ್ನಾಗಿ ಒಪ್ಪುತ್ತದೆ. ಮಣಿಗಳನ್ನು ಪೋಣಿಸಿ ಮಾಡಿದ ಕಿರೀಟವನ್ನು ಮಾತ್ರ ಯಾರಾದರೂ ಬಾಡಿಗೆಗೆ ಕೊಡುತ್ತೇವೆಂದರೂ ಮುಟ್ಟಬೇಡಿ. ಅದು ಅರಸರಿಗೆ, ಎಂದರೆ ಒಬಾಗಳಿಗೆ ಸೇರಿದ್ದು.

ಫಿಲಾದ ಮಾತು: ಮದುವೆಯಾದವರು ಎಡಕ್ಕೆ, ಆಗದವರು ಬಲಕ್ಕೆ ವಾಲಿಸುತ್ತಾರೆ ಎಂದು ಹೇಳುವುದುಂಟು. ನನ್ನ ಮಾವನವರು ಗಾಳಿ ಬೀಸಿದ ಕಡೆಗೆ ವಾಲಿಸುತ್ತಾರೆ. ಅಂದಹಾಗೆ, ಶಾಸ್ತ್ರದ ಕೊನೆಯ ಹೊತ್ತಿಗೆ ವರನ ತಲೆಗೆ ಫಿಲಾವನ್ನು ವಧುವೇ ಇಡುವ ಒಂದು ಘಳಿಗೆ ಇದೆ. ಅದನ್ನು ಕಾಣಲು ಮುಂದಿನ ಸಾಲಿನಲ್ಲಿ ಕುಳಿತಿರಿ. ಹಿಂದೆ ಕುಳಿತರೆ ನಿಮ್ಮ ಮುಂದಿನ ನಾಲ್ಕು ಗೆಲೆಗಳನ್ನು ಬಿಟ್ಟು ಬೇರೇನೂ ಕಾಣಿಸುವುದಿಲ್ಲ.


ಹಳೇಲೇಗೋಸಿಗ ಉತ್ತರಿಸಿದ್ದಾರೆ:

ಇಬಾದಾನಿನ ಸೊಸೆಯವರು ತಿದ್ದಿದ್ದು ಸರಿಯಾಗಿದೆ. ವರನ ಗೆಳೆಯರ ಗುಂಪು ಎಂಬ ಮಾತನ್ನು ನಾನು ಓದಿಯೂ ಗಮನಿಸಿರಲಿಲ್ಲ. ಬೆಳಿಗ್ಗೆ ಇಬ್ಬಣ್ಣ, ಸಂಜೆ ಒಂದೇ ಬಣ್ಣ ಎಂಬುದೇ ಆಗಲಿ.

ಔತಣಕ್ಕೆ ಅಗ್ಬಾಡ ಹೊಲಿಸುವುದು ಖಚಿತವಾದರೆ ನೇರಳೆ ಬಟ್ಟೆ ಇನ್ನೂ ಐದು ಗಜ ಬೇಕೆಂದು ವಧುವಿನ ಮನೆಯವರಿಗೆ ಇಂದೇ ತಿಳಿಸಿ. ಕುತ್ತಿಗೆಯ ಸುತ್ತಲಿನ ಕಸೂತಿಗೆ ಬಟ್ಟೆಯ ಬಣ್ಣಕ್ಕಿಂತ ಒಂದೇ ಛಾಯೆ ತಿಳಿಯಾದ ದಾರವನ್ನು ಆರಿಸಿ. ದರ್ಜಿಗೆ ನಾನು ಹೇಳಿದ ಸುಳ್ಳು ದಿನಾಂಕವನ್ನು ಮರೆಯಬೇಡಿ. ಎರಡು ವಾರ ಎಂದಿದ್ದೆ, ಡಿಸೆಂಬರ್ ಆದ್ದರಿಂದ ಮೂರು ಎಂದು ತಿದ್ದಿಕೊಳ್ಳಿ.


ಮಲ್ಲಿಗೆದಂಡೆ ಬರೆದಿದ್ದಾರೆ:

ವಧುವಿನ ತಾಯಿಗೆ ಈಗಷ್ಟೇ ಕರೆ ಮಾಡಿದೆ. ಬಟ್ಟೆ ಇನ್ನೂ ಇದೆಯಂತೆ. ನಾನು ಇರೊ ಮತ್ತು ಬುಬಾ ಹೊಲಿಸುತ್ತೇನೆಂದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ತಮ್ಮ ಮದುವೆಯ ಕಾಲದ ಒಂದು ಎಟು ಇಪೆಲೆ ಪೆಟ್ಟಿಗೆಯಲ್ಲಿದೆ, ಹಿಂದಿನ ರಾತ್ರಿ ಬಂದಾಗ ಅದನ್ನು ಹೆಗಲ ಮೇಲೆ ಹಾಕಿ ನೋಡೋಣ ಎಂದರು. ನೇರಳೆಯ ಮೇಲೆ ಆ ಕಡುನೀಲಿ ಹೊಂದುತ್ತದೆಯೋ ಇಲ್ಲವೋ ನಾನು ಕೇಳಲಿಲ್ಲ.